ಹಗ್ಗ ಹೊತ್ತು ಹಾರಿದ ರಾಕೆಟ್

ಹೆನ್ರಿ ಟ್ರೆಂಗ್ರೌಸ್ (1772–1854) ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಹೆಲ್‌ಸ್ಟನ್ ಎಂಬ ಊರಿನ ಬಡಗಿ. ದಡದ ಬಳಿ ಒಡೆದ ಹಡಗಿನಿಂದ ಜನರನ್ನು ಪಾರುಮಾಡುವ ರಾಕೆಟ್ ಸಾಧನವನ್ನು ರೂಪಿಸಿದವನು ಈತ.

1807ರ ಡಿಸೆಂಬರ್ 29ರಂದು ಬಿರುಗಾಳಿಗೆ ಸಿಕ್ಕ ‘ಆನ್ಸನ್’ ಯುದ್ಧನೌಕೆ ಹೆಲ್‌ಸ್ಟನ್ ಸಮೀಪದ ಲೋ ಬಾರ್ ದಿಬ್ಬಕ್ಕೆ ಬಡಿಯಿತು. ದಡ ಹತ್ತಿರವೇ ಇದ್ದರೂ ಅಲೆಗಳ ಅಬ್ಬರದಲ್ಲಿ ಬಹಳಷ್ಟು ನಾವಿಕರು ಜನರ ಕಣ್ಣೆದುರೇ ಮುಳುಗಿದರು. ನೋಡುತ್ತ ನಿಂತವರಲ್ಲಿ ಟ್ರೆಂಗ್ರೌಸ್ ಕೂಡ ಇದ್ದ. ಹಡಗಿಗೂ ದಡಕ್ಕೂ ನಡುವೆ ಒಂದು ಹಗ್ಗ ಕಟ್ಟಲು ಸಾಧ್ಯವಾಗಿದ್ದರೆ ಅವರಲ್ಲಿ ಅನೇಕರು ಬದುಕುತ್ತಿದ್ದರು ಎಂಬುದು ಅವನಿಗೆ ಮನದಟ್ಟಾಯಿತು.

ಅದೇ ಕಾಲದಲ್ಲಿ ಜಾರ್ಜ್ ಮ್ಯಾನ್‌ಬಿ ಎಂಬಾತ ದಡದಿಂದ ಹಡಗಿನತ್ತ ಹಗ್ಗ ಹಾರಿಸುವ ಗಿಡ್ಡ ಫಿರಂಗಿಯನ್ನು ಬಳಕೆಗೆ ತಂದಿದ್ದ. ಆದರೆ ಅದು ಭಾರ. ಹೊತ್ತು ತರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಗುಂಡು ಒಮ್ಮೆಲೇ ಸಿಡಿಯುವ ರಭಸಕ್ಕೆ ಹಗ್ಗ ತುಂಡಾಗುವುದೂ ಇತ್ತು. ರಾಕೆಟ್ ಹಗುರ. ಅದರ ವೇಗ ಹಂತಹಂತವಾಗಿ ಏರುವುದರಿಂದ ಹಗ್ಗಕ್ಕೆ ಜಗ್ಗು ಬೀಳುವುದಿಲ್ಲ.

ಬ್ರಿಟನ್ನಿನಲ್ಲಿ ಆಗ ರಾಕೆಟ್ಟಿನ ಮಾತು ಎದ್ದದ್ದು ಮೈಸೂರಿನಿಂದ. ಹೈದರಾಲಿ ಮತ್ತು ಅವನ ಮಗ ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್‌ಗಳಿದ್ದವು. ಕಬ್ಬಿಣ ಹೆಚ್ಚಿನ ಒತ್ತಡ ತಡೆಯುವುದರಿಂದ ಅವು ದೂರ ಹಾರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಶವಾದ ರಾಕೆಟ್‌ಗಳು ಲಂಡನ್ನಿನ ವುಲ್‌ವಿಚ್ ಶಸ್ತ್ರಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ಬ್ರಿಟಿಷ್ ಯುದ್ಧ ರಾಕೆಟ್ ರೂಪಿಸಿದ. ಟ್ರೆಂಗ್ರೌಸ್‌ಗೆ ಮಾತ್ರ ರಾಕೆಟ್ಟಿನಿಂದ ಹಗ್ಗ ಹಾರಿಸುವ ಉಪಾಯ ಹೊಳೆದದ್ದು ತನ್ನೂರಿನಲ್ಲಿ ನಡೆದ ಬಾಣಬಿರುಸಿನ ಪ್ರದರ್ಶನ ಕಂಡಾಗ.

ಅವನ ಸಾಧನದಲ್ಲಿ ಬಂದೂಕಿನಿಂದ ಹಾರುವ ಸಣ್ಣ ರಾಕೆಟ್ ತೆಳು ಹಗ್ಗವನ್ನು ಒಯ್ಯುತ್ತಿತ್ತು. ಅದರ ಹಿಂದೆ ದಪ್ಪ ಹಗ್ಗ ಎಳೆದು ಬಿಗಿದರೆ, ತೂಗುಕುರ್ಚಿಯಲ್ಲಿ ಒಬ್ಬೊಬ್ಬರನ್ನೇ ದಡಕ್ಕೆ ಸಾಗಿಸಬಹುದಿತ್ತು. ಇಡೀ ಸರಂಜಾಮು ಒಂದು ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುದರಿಂದ ಅದನ್ನು ಹಡಗಿನಲ್ಲೇ ಇಡಬೇಕೆಂಬುದು ಅವನ ವಾದ. ಹಡಗನ್ನು ದಡಕ್ಕೆ ನೂಕುವ ಗಾಳಿಯೇ ರಾಕೆಟ್ಟನ್ನೂ ದಡದತ್ತ ಒಯ್ಯುತ್ತದೆ. ದಡದಿಂದ ಹಾರಿಸಿದರೆ ಅದು ಗಾಳಿಗೆ ಎದುರಾಗಿ ಹೋಗಬೇಕು.

1818ರಲ್ಲಿ ಅಧಿಕಾರಿಗಳ ಮುಂದೆ ಪ್ರಯೋಗ ನಡೆದು ಮೆಚ್ಚುಗೆ ಸಿಕ್ಕಿತು. ಸರ್ಕಾರ ಮೊದಲು 20 ಸೆಟ್‌ಗಳನ್ನು ಕೇಳಿತು. ಬಳಿಕ ತಾನೇ ತಯಾರಿಸಲು ನಿರ್ಧರಿಸಿ ಅವನಿಗೆ 50 ಪೌಂಡ್ ಪರಿಹಾರ ಕೊಟ್ಟಿತು. ಕಲಾ ಸಂಘವೊಂದು ಬೆಳ್ಳಿ ಪದಕ ನೀಡಿತು, ರಷ್ಯಾದ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್ ವಜ್ರದ ಉಂಗುರ ಕಳಿಸಿದ. ಪ್ರಯೋಗಗಳಿಗೆ ಸ್ವಂತ ಹಣ ಸುರಿದಿದ್ದ ಟ್ರೆಂಗ್ರೌಸ್ ಮುಂದೆ ಆ ಉಂಗುರವನ್ನೂ ಒತ್ತೆಯಿಟ್ಟ. 1854ರಲ್ಲಿ ಹೆಲ್‌ಸ್ಟನ್‌ನಲ್ಲೇ ತೀರಿಕೊಂಡ.

ಬಳಿಕ ಎಡ್ವರ್ಡ್ ಬಾಕ್ಸರ್ 1865ರಲ್ಲಿ ಒಂದು ಉರಿದ ಮೇಲೆ ಇನ್ನೊಂದು ಹೊತ್ತಿಕೊಳ್ಳುವ ಎರಡು ಹಂತದ ರಾಕೆಟ್ ತಂದು, ಹಗ್ಗ ತಲುಪುವ ದೂರವನ್ನು ಹೆಚ್ಚಿಸಿದ. ಬ್ರಿಟನ್ನಿನ ಕರಾವಳಿ ಠಾಣೆಗಳಲ್ಲಿ ರಾಕೆಟ್ ತಂಡಗಳು ನೆಲೆಗೊಂಡವು. ಹೆಲಿಕಾಪ್ಟರ್ ಬಂದ ಮೇಲೆ ದಡದ ರಾಕೆಟ್‌ಗಳ ಕಾಲ ಮುಗಿಯಿತು. ಹಡಗಿನಲ್ಲೇ ಸಾಧನವಿರಬೇಕೆಂಬ ಬಡಗಿಯ ವಾದ ಮಾತ್ರ ಉಳಿಯಿತು: ಮಂಗಳೂರಿನಂಥ ಬಂದರಿಗೆ ಬರುವ ವಿದೇಶಿ ಸರಕು ಹಡಗುಗಳು ಇಂದು ಕನಿಷ್ಠ 230 ಮೀಟರ್ ದೂರಕ್ಕೆ ಹಗ್ಗ ಹಾರಿಸುವ ಉಪಕರಣ ಹೊಂದಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ.