ಸೀಟಿನ ಪಟ್ಟಿ ತುಂಬುವ ದಿನ ಮಗಳ ಪಕ್ಕ ಕೂತುಕೊಳ್ಳಿ

ಮಳೆ ಹಿಡಿದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ನೋಟ. ನೀವು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ಬರುವಷ್ಟರಲ್ಲಿ, ಪಿಯುಸಿ ಮುಗಿಸಿದ ಮಗಳು ಕೊಡೆ ಹಿಡಿದು ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಗುಡ್ಡದ ತುದಿಗೆ ಹೋಗಿರುತ್ತಾಳೆ. ಕಳಸದ ಕಡೆ ಕರೆಂಟು ಹೋದರೆ ಬರುವುದು ಯಾವಾಗಲೋ. ಮೂಡಿಗೆರೆ ಕಡೆ ಕರೆಂಟು ಇದ್ದರೂ ನೆಟ್‌ವರ್ಕ್ ಇರುವುದಿಲ್ಲ. "ಏನಾಯ್ತೇ?" ಅಂತ ಕೇಳಿದರೆ, "ಆಪ್ಷನ್ ಎಂಟ್ರಿ ಅಮ್ಮ, ನಿಂಗೆ ಗೊತ್ತಾಗಲ್ಲ" ಅನ್ನುತ್ತಾಳೆ.

ನಿಮಗೆ ಗೊತ್ತಾಗುತ್ತದೆ. ಹಸುವಿನ ಹಲ್ಲು, ಕೆಚ್ಚಲು ನೋಡಿ ವ್ಯಾಪಾರ ಮಾಡುವ ನಿಮಗೆ ಇದು ದೊಡ್ಡ ವಿದ್ಯೆಯಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಪರೀಕ್ಷೆ ನಡೆಸಿ ರ‍್ಯಾಂಕ್ ಕೊಡುತ್ತದೆ. ಆಮೇಲೆ ಮಗು ತನಗೆ ಬೇಕಾದ ಕೋರ್ಸು ಮತ್ತು ಕಾಲೇಜುಗಳನ್ನು 1, 2, 3 ಎಂದು ಸಾಲಾಗಿ ತುಂಬಬೇಕು. ಆ ಸಾಲಿನ ಮೇಲೆ ಮುಂದಿನ ನಾಲ್ಕೈದು ವರ್ಷ ನಿಂತಿರುತ್ತದೆ.

ಆದರೆ ಕೆಲಸ ಶುರುವಾಗುವುದು ಅದಕ್ಕೂ ಬಹಳ ಮೊದಲು, ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿಸುವಾಗ. ನಮ್ಮ ಮನೆಗಳಿಗೆ ಹತ್ತಿರದ ಓದುಗಳನ್ನೇ ನೋಡಿ. ದನದ ಡಾಕ್ಟರ್ ಆಗಬೇಕಾದರೆ, ಅಂದರೆ ಬಿವಿಎಸ್ಸಿ ಓದಬೇಕಾದರೆ, ಪಿಯುಸಿಯಲ್ಲಿ ಜೀವಶಾಸ್ತ್ರ ಬೇಕೇ ಬೇಕು. ಶಿವಮೊಗ್ಗ, ಹಾಸನ ಎರಡೂ ಕಡೆ ಪಶುವೈದ್ಯಕೀಯ ಕಾಲೇಜು ಇದೆ. ಒಂದು ವರ್ಷದ ತರಬೇತಿಯೂ ಸೇರಿ ಐದೂವರೆ ವರ್ಷದ ಓದು. ಮೂಡಿಗೆರೆಯಲ್ಲೇ ಇರುವ ತೋಟಗಾರಿಕೆ ಕಾಲೇಜಿನ ಬಿಎಸ್ಸಿ ನಾಲ್ಕು ವರ್ಷದ್ದು. ಹಾಲಿನ ಕಾರ್ಖಾನೆಯ ಕಡೆಗೆ ಒಯ್ಯುವ ಡೇರಿ ಟೆಕ್ನಾಲಜಿ ಬಿಟೆಕ್ ಬೇರೆ ದಾರಿ, ಅದಕ್ಕೆ ಗಣಿತ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಅದರ ಕಾಲೇಜಿದೆ. "ಹಾಲಿನ ಓದು ತಾನೇ, ಬಯಾಲಜಿ ಸಾಕು" ಅಂದುಕೊಂಡು ಗಣಿತ ಬಿಡಿಸಿದರೆ ಆ ಬಾಗಿಲು ಹದಿನಾರನೇ ವಯಸ್ಸಿಗೇ ಮುಚ್ಚಿತು. ಮಗುವಿಗೆ ಭಾರ ಆಗುವುದಿಲ್ಲ ಅನ್ನಿಸಿದರೆ ಗಣಿತ, ಜೀವಶಾಸ್ತ್ರ ಎರಡೂ ಇರುವ ಪಿಸಿಎಂಬಿ ಕೊಡಿಸಿ.

ಈಗ ನೀವು ನಿಜವಾಗಿ ಕೈ ಹಾಕಬೇಕಾದ ಜಾಗಕ್ಕೆ ಬರೋಣ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯದಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಕೃಷಿ ಪದವಿಗಳಲ್ಲಿ ಮೊದಲು ಶೇ 40 ಇದ್ದದ್ದನ್ನು ಸರ್ಕಾರ ಶೇ 50ಕ್ಕೆ ಏರಿಸಿತು. ಈ ಕೋಟಾದ ಮಕ್ಕಳಿಗೆ 200 ಅಂಕದ ಪ್ರಾಯೋಗಿಕ ಪರೀಕ್ಷೆಯೊಂದು ನಡೆಯುತ್ತದೆ. ರ‍್ಯಾಂಕ್ ಕಟ್ಟುವಾಗ ಅದಕ್ಕೆ ಅರ್ಧ ತೂಕ. ಉಳಿದ ಅರ್ಧದಲ್ಲಿ ಪಿಯುಸಿಗೆ ಕಾಲು, ಸಿಇಟಿಗೆ ಕಾಲು. ಕೋಚಿಂಗ್‌ಗೆ ಸಾವಿರಗಟ್ಟಲೆ ಸುರಿಯುವ ನಾವು ಈ ಅರ್ಧವನ್ನು ಮರೆತೇಬಿಡುತ್ತೇವೆ.

ಆ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಬೆಳೆ, ಕಳೆ, ಸಲಕರಣೆ, ಮೇವು ಇಂಥವನ್ನು ಗುರುತಿಸಿ ಹೇಳಬೇಕು. ಯೂರಿಯಾ ಯಾವುದು, ಪೊಟ್ಯಾಷ್ ಯಾವುದು? ರೊಬಸ್ಟಾ ಎಲೆಗೂ ಅರೇಬಿಕಾ ಎಲೆಗೂ ಏನು ವ್ಯತ್ಯಾಸ? ನೇಪಿಯರ್ ಹುಲ್ಲು, ಅಲಸಂದೆ, ಹಿಂಡಿ, ಬೂಸಾ ಒಂದೊಂದೂ ಎದುರಿಗಿಟ್ಟರೆ ಹೆಸರು ಹೇಳಲು ಬರಬೇಕು. ಇದನ್ನೆಲ್ಲ ಕಲಿಸುವ ಮೇಷ್ಟರು ಯಾರು? ನೀವೇ. ಆದರೆ ನಾವು ಮಾಡುವುದೇನು? "ಓದೋ ಹುಡುಗಿ ಸಗಣಿ ಮುಟ್ಟಬೇಡ, ಒಳಗೆ ಹೋಗು" ಅಂತ ಹತ್ತು ವರ್ಷ ಕೊಟ್ಟಿಗೆಯಿಂದ ದೂರ ಇಡುತ್ತೇವೆ. ಪ್ರೀತಿಯಿಂದಲೇ ಇಡುತ್ತೇವೆ, ಅದು ಬೇರೆ ಮಾತು. ಪರೀಕ್ಷೆಗೆ ಒಂದು ತಿಂಗಳು ಮೊದಲು ದಿನಕ್ಕೆ ಅರ್ಧ ಗಂಟೆ ಕೊಟ್ಟಿಗೆಗೆ, ಗೊಬ್ಬರದ ಮನೆಗೆ, ತೋಟಕ್ಕೆ ಕರೆದುಕೊಂಡು ಹೋಗಿ. ಒಂದೊಂದನ್ನೇ ಕೈಗೆ ಕೊಟ್ಟು ಹೆಸರು ಕೇಳಿ. ರಾಗಿ, ಜೋಳ, ಕಡಲೆಯಂಥ ಬಯಲುಸೀಮೆಯ ಬೆಳೆಗಳು ನಮ್ಮ ಮಕ್ಕಳಿಗೆ ಅಷ್ಟಾಗಿ ಕಂಡಿರುವುದಿಲ್ಲ. ಅವುಗಳ ಬೀಜವನ್ನು ಸಂತೆಯಿಂದ ಒಂದೊಂದು ಹಿಡಿ ತಂದು ತೋರಿಸಿ.

ಈ ಕೋಟಾಕ್ಕೆ ಕಂದಾಯ ಇಲಾಖೆಯಿಂದ ಕೃಷಿಕ ಕುಟುಂಬ ಎಂಬ ಪ್ರಮಾಣಪತ್ರ ಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ನಾಡಕಚೇರಿಯಲ್ಲಿ ಈಗಲೇ ವಿಚಾರಿಸಿ, ಜೂನ್‌ಗೆ ಬಿಡಬೇಡಿ. ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ ತೆಗೆದಿಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಶೇ 15ರ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5ರ ಮೀಸಲಾತಿ ಇದೆ. ಇವನ್ನು ಅರ್ಜಿ ಹಾಕುವಾಗಲೇ ಕೇಳಬೇಕು. ಶಾಲೆಯಿಂದ ಪತ್ರ ಪಡೆದು ಬಿಇಒ ಸಹಿ ಮಾಡಿಸಬೇಕು.

ರ‍್ಯಾಂಕ್ ಬಂತು ಅನ್ನಿ. ಈಗ ಪಟ್ಟಿ. "ನಮಗೆಲ್ಲಿ ಶಿವಮೊಗ್ಗ ವೆಟರ್ನರಿ ಸಿಗುತ್ತೆ" ಅಂತ ಹೆದರಿ, ಸುಲಭಕ್ಕೆ ಸಿಗುವುದನ್ನು ಮೇಲೆ ಬರೆಯುತ್ತಾರೆ. ಹಾಗೆ ಮಾಡಬಾರದು. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ, ನಿಮ್ಮ ರ‍್ಯಾಂಕಿಗೆ ಖಾಲಿ ಇರುವ ಮೊದಲ ಸೀಟನ್ನು ಕೊಟ್ಟು ನಿಂತುಬಿಡುತ್ತದೆ. ಕಷ್ಟದ್ದನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಸುಲಭದ್ದನ್ನು ಮೇಲೆ ಬರೆದರೆ ಮಾತ್ರ ಒಳ್ಳೆಯದು ಕೈತಪ್ಪುತ್ತದೆ. ಆಸೆ ಇದ್ದ ಹಾಗೇ ಬರೆಯಿರಿ. ಆದರೆ ಸಿಕ್ಕರೂ ಕಳಿಸಲಾಗದ ಊರನ್ನು ಬರೆಯಲೇಬೇಡಿ. ಮೊದಲು ಒಂದು ಅಣಕು ಹಂಚಿಕೆ ಬರುತ್ತದೆ. ಅದು ಸೀಟಲ್ಲ, ಯಾರಿಗೂ ಸಿಹಿ ಹಂಚಬೇಡಿ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಲು ಅವಕಾಶ ಇರುತ್ತದೆ.

ನಿಜವಾದ ಹಂಚಿಕೆ ಬಂದ ಮೇಲೆ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಹಸು ನೋಡಲು ಹೋದ ಹಾಗೆ ತಿಳಿಯಿರಿ. ಒಂದನೇ ಆಯ್ಕೆ: ಈ ಹಸು ಒಪ್ಪಿಗೆ, ಹಗ್ಗ ಹಿಡಿದು ಮನೆಗೆ. ಎರಡನೆಯದು: ಇದು ನಮ್ಮ ಕೊಟ್ಟಿಗೆಯಲ್ಲೇ ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಗುತ್ತದಾ ನೋಡುತ್ತೇವೆ. ಮೂರನೆಯದು: ಇದು ಬೇಡ, ವಾಪಸ್ ಕೊಟ್ಟೆವು, ಮತ್ತೆ ಹುಡುಕುತ್ತೇವೆ. ನಾಲ್ಕನೆಯದು: ವ್ಯಾಪಾರವೇ ಬೇಡ, ಹೊರಟೆವು. ಎರಡಕ್ಕೂ ಮೂರಕ್ಕೂ ಬೆರಳ ಅಂತರ. ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಯಿತು, ಮುಂದೆ ಬರಿಗೈಯೂ ಆಗಬಹುದು. ಎರಡನೆಯದನ್ನು ಒತ್ತಿದವರು ಶುಲ್ಕ ಯಾವಾಗ ಕಟ್ಟಬೇಕು ಎಂಬುದನ್ನು ಆ ವರ್ಷದ ಸೂಚನೆಯಲ್ಲೇ ಓದಿಕೊಳ್ಳಿ.

ಎರಡರಲ್ಲೂ ಒಂದು ಗುಂಡಿ ಇದೆ. ಕಳಸದ ಹತ್ತಿರದ ಒಂದು ಮನೆ ಅಂದುಕೊಳ್ಳಿ. ಮಗಳಿಗೆ ಮೊದಲ ಸುತ್ತಿನಲ್ಲಿ ಮೂಡಿಗೆರೆ ತೋಟಗಾರಿಕೆ ಸಿಕ್ಕಿತು. ಪಟ್ಟಿಯಲ್ಲಿ ಅದಕ್ಕಿಂತ ಮೇಲೆ, ಹುಮ್ಮಸ್ಸಿನಲ್ಲಿ, ಬೀದರಿನ ಪಶುವೈದ್ಯಕೀಯ ಬರೆದಿದ್ದಾಳೆ. ಅಷ್ಟು ದೂರ ಬೇಡ ಅಂತ ಮನೆಯಲ್ಲಿ ಮಾತಾಯಿತು, ಆದರೂ "ಇರಲಿ" ಅಂತ ಎರಡು ಒತ್ತಿದಳು. ಪಟ್ಟಿಯಿಂದ ಬೀದರ್ ತೆಗೆಯಲಿಲ್ಲ. ಎರಡನೇ ಸುತ್ತಿನಲ್ಲಿ ಬೀದರ್ ಬಂತು. ಬಂದ ಕ್ಷಣಕ್ಕೆ ಮೂಡಿಗೆರೆ ಸೀಟು ಬೇರೆಯವರಿಗೆ ಹೋಯಿತು, ಅತ್ತರೂ ವಾಪಸ್ ಬರುವುದಿಲ್ಲ. ಹಾಗಾಗಿ ಎರಡು ಒತ್ತಿದ ಮೇಲೆ ಮೇಲಿರುವ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿಸಿ. "ಇದು ಬಂದರೆ ಕೈಯಲ್ಲಿರುವುದನ್ನು ಬಿಟ್ಟು ಹೋಗ್ತೀಯಾ?" ಅಂತ ಕೇಳಿ. ತಡವರಿಸಿದರೆ ಗಡುವಿನೊಳಗೆ ಅದನ್ನು ಅಳಿಸಿಸಿ.

ಇದರ ನಡುವೆ ಖಾಸಗಿ ವಿಶ್ವವಿದ್ಯಾಲಯಗಳ ಫೋನು ಬರುತ್ತವೆ. ಪಿಯುಸಿ ಫಲಿತಾಂಶಕ್ಕೂ ಮೊದಲೇ "ತಾತ್ಕಾಲಿಕ ಪ್ರವೇಶ" ಅಂತ ಪತ್ರ ಕಳಿಸಿ ಮುಂಗಡ ಕೇಳುತ್ತಾರೆ. ಆ ಪತ್ರ ಷರತ್ತಿನದು. ಎಷ್ಟು ಅಂಕ ಬರಬೇಕು, ಬರದಿದ್ದರೆ ಹಣ ವಾಪಸ್ ಉಂಟೇ, ಯಾವ ದಿನದೊಳಗೆ, ಇದನ್ನು ಬರಹದಲ್ಲಿ ಕೇಳಿ. 2024–25ನೇ ಸಾಲಿನಲ್ಲಿ ಸೆಪ್ಟೆಂಬರ್ 30ರೊಳಗೆ ಪ್ರವೇಶ ಬಿಟ್ಟವರಿಗೆ ಪೂರ್ತಿ ಶುಲ್ಕ ಹಿಂತಿರುಗಿಸಬೇಕೆಂದು ಯುಜಿಸಿ ಹೇಳಿತ್ತು. ಈ ವರ್ಷದ ದಿನಾಂಕ ಏನೆಂದು ಕೇಳಿ ತಿಳಿದುಕೊಳ್ಳಿ. ಸಿಇಟಿ ಸುತ್ತುಗಳು ಮುಗಿಯುವ ಮುನ್ನ ಮೂಲ ಅಂಕಪಟ್ಟಿಯನ್ನು ಎಲ್ಲೂ ಕೊಟ್ಟು ಬರಬೇಡಿ.

ಪಾಸ್‌ವರ್ಡ್, ಒಟಿಪಿ ಸೈಬರ್ ಅಂಗಡಿಯವನ ಹತ್ತಿರವೂ ಬೇಡ, ಏಜೆಂಟರ ಹತ್ತಿರವೂ ಬೇಡ. 2024ರಲ್ಲಿ ವಿದ್ಯಾರ್ಥಿಗಳ ಲಾಗಿನ್ ಬಳಸಿ ಎಂಜಿನಿಯರಿಂಗ್ ಸೀಟು ತಡೆಹಿಡಿದ ಪ್ರಕರಣದಲ್ಲಿ ಬೆಂಗಳೂರಿನಲ್ಲಿ ಪೊಲೀಸರು ಹಲವರನ್ನು ಬಂಧಿಸಿದ್ದರು. ಅರ್ಜಿಯಲ್ಲಿ ಮನೆಯದೇ ಮೊಬೈಲ್ ನಂಬರ್ ಇರಲಿ, ಆ ಸಿಮ್‌ಗೆ ಕರೆನ್ಸಿ ಇರಲಿ. ಪಾಸ್‌ವರ್ಡನ್ನು ಹಾಲಿನ ಪಾಸ್‌ಬುಕ್ ಇಡುವ ಜಾಗದಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ.

ಗಡುವು ದಿನದ ಲೆಕ್ಕದಲ್ಲಿ ಇರುವುದಿಲ್ಲ, ಗಂಟೆಯ ಲೆಕ್ಕದಲ್ಲಿ ಇರುತ್ತದೆ. ಕೊನೆಯ ದಿನಕ್ಕೆ ಕಾಯದೆ ಎರಡು ದಿನ ಮೊದಲೇ ಪೇಟೆಯಲ್ಲಿ ಕರೆಂಟು, ನೆಟ್ ಎರಡೂ ಇರುವ ನೆಂಟರ ಮನೆಗೆ ಮಗಳ ಜೊತೆ ಹೋಗಿ ಕೂತುಕೊಳ್ಳಿ. ಸಂಜೆಯ ಹಾಲು ಕರೆಯುವುದಕ್ಕೆ ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ. ಕಾಲೇಜಿಗೆ ಸೇರಿಸಲು ಶಿವಮೊಗ್ಗಕ್ಕೋ ಹಾಸನಕ್ಕೋ ಹೊರಡುವ ದಿನವೂ ಅವರೇ ಬೇಕಾಗುತ್ತಾರೆ.