ಫೋರ್ಕ್‌ಲಿಫ್ಟ್‌ಗೆ ಭಾರದ ಬ್ಯಾಟರಿಯೇ ಬೇಕು

ಹೊಸಕೋಟೆ ಕಡೆಯ ಗೋದಾಮೊಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರ ಪ್ರಶ್ನೆ: “ನಮ್ಮಲ್ಲಿಗೆ ಲಿಥಿಯಂ ಬ್ಯಾಟರಿಯ ಪುಟ್ಟ ಫೋರ್ಕ್‌ಲಿಫ್ಟ್ ಬಂದಿದೆ. ಸರ್ವೀಸ್ ಮಾಡುವಾಗ ನೋಡಿದರೆ ಬ್ಯಾಟರಿ ಪೆಟ್ಟಿಗೆಯೊಳಗೆ ದಪ್ಪ ದಪ್ಪ ಕಬ್ಬಿಣದ ಪ್ಲೇಟುಗಳಿವೆ. ಬ್ಯಾಟರಿ ಎಂದು ಹೇಳಿ ಕಬ್ಬಿಣ ಮಾರಿದ್ದಾರೆಯೇ?”

ಮೋಸವೇನೂ ಆಗಿಲ್ಲ. ಆ ಕಬ್ಬಿಣ ಅಲ್ಲಿ ಇರಲೇಬೇಕು. ಎಲೆಕ್ಟ್ರಿಕ್ ಕಾರು ಮಾಡುವವರು ಬ್ಯಾಟರಿಯ ತೂಕದಲ್ಲಿ ಒಂದೊಂದು ಕಿಲೋ ಇಳಿಸಲು ಹೆಣಗುತ್ತಾರೆ. ಫೋರ್ಕ್‌ಲಿಫ್ಟ್ ಮಾಡುವವರಿಗೆ ಬ್ಯಾಟರಿ ಹಗುರಾದರೆ ಚಿಂತೆ. ನನಗೆ ಈ ಯಂತ್ರದಲ್ಲಿ ತುಂಬ ಹಿಡಿಸುವ ಸಂಗತಿಯೇ ಇದು.

ಹಳ್ಳಿಯ ಬಾವಿಯ ಮೇಲಿನ ಏತವನ್ನು ನೆನಪಿಸಿಕೊಳ್ಳಿ. ಕವೆಗಂಬದ ಮೇಲೆ ಉದ್ದನೆಯ ಮರ, ಮುಂದಿನ ತುದಿಯಲ್ಲಿ ನೀರಿನ ಕೊಡ, ಹಿಂದಿನ ತುದಿಯಲ್ಲಿ ಕಟ್ಟಿದ ಕಲ್ಲುಗುಂಡು. ತುಂಬಿದ ಕೊಡ ಸಲೀಸಾಗಿ ಮೇಲೆ ಬರುವುದು ಆ ಕಲ್ಲಿನ ದೆಸೆಯಿಂದ. ಕಲ್ಲು ಎಷ್ಟು ಭಾರ ಎಂಬುದರಷ್ಟೇ, ಕವೆಯಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಕವೆಯ ಪಕ್ಕಕ್ಕೇ ಕಟ್ಟಿದರೆ ಎಂಥ ಬಂಡೆಯೂ ಕೆಲಸಕ್ಕೆ ಬಾರದು. ಫೋರ್ಕ್‌ಲಿಫ್ಟ್ ಎಂದರೆ ಗಾಲಿಯ ಮೇಲೆ ಓಡಾಡುವ ಏತ. ಮುಂದಿನ ಆಕ್ಸಲ್ಲೇ ಕವೆ, ಫೋರ್ಕಿನ ಮೇಲಿನ ಪ್ಯಾಲೆಟ್ಟೇ ಕೊಡ. ಆಕ್ಸಲ್‌ನ ಹಿಂದೆ ಇರುವ ಚಾಸಿ, ಮೋಟಾರು, ಎರಕದ ಕೌಂಟರ್‌ವೇಟ್, ಬ್ಯಾಟರಿ ಎಲ್ಲವೂ ಸೇರಿ ಕಲ್ಲುಗುಂಡು. ಏತದಲ್ಲಿ ಕೊಡ ಸದಾ ಒಂದೇ ಕಡೆ ತೂಗುತ್ತದೆ. ಗೋದಾಮಿನಲ್ಲಿ ಹಾಗಲ್ಲ: ಉದ್ದನೆಯ ಪೆಟ್ಟಿಗೆ ಬಂದರೆ ಭಾರ ಮುಂದಕ್ಕೆ ಸರಿಯುತ್ತದೆ, ಗಾಡಿಯ ಲೆಕ್ಕವೆಲ್ಲ ಬದಲಾಗುತ್ತದೆ.

ಒಂದೂವರೆ ಟನ್ ಎತ್ತುವ ಗಾಡಿಯ ಅಂದಾಜು ಲೆಕ್ಕ ಹಾಕೋಣ. ಫೋರ್ಕಿನ ಬುಡದಿಂದ ಹೊರೆಯ ಗುರುತ್ವಕೇಂದ್ರಕ್ಕೆ 500 ಮಿಲಿಮೀಟರ್ ಎಂಬುದು ಈ ಗಾತ್ರದ ಗಾಡಿಗಳಲ್ಲಿ ವಾಡಿಕೆಯ ಅಳತೆ. ಬುಡದಿಂದ ಆಕ್ಸಲ್‌ಗೆ ಇನ್ನೊಂದು 350 ಎಂದಿಟ್ಟುಕೊಂಡರೆ 1,500 ಕಿಲೋ ಗುಣಿಸು 0.85 ಮೀಟರ್, ಅಂದರೆ 1,275. ಗಾಡಿಯನ್ನು ಮುಂದಕ್ಕೆ ಮಗುಚಲು ನೋಡುವ ಬಲ ಇದು. ಗಾಡಿಯ ತೂಕ 3,000 ಕಿಲೋ, ಅದರ ಕೇಂದ್ರ ಆಕ್ಸಲ್‌ನಿಂದ 0.7 ಮೀಟರ್ ಹಿಂದೆ ಎಂದರೆ ಹಿಡಿದಿಡುವ ಬಲ 2,100. ಉಳಿಕೆ 825.

ಈ ಗಾಡಿಯಲ್ಲಿ ಸೀಸದ ಬ್ಯಾಟರಿಯೇ ಸುಮಾರು 700 ಕಿಲೋ. ಅಷ್ಟೇ ವಿದ್ಯುತ್ತು ಹಿಡಿಯುವ ಲಿಥಿಯಂ ಬ್ಯಾಟರಿ 250 ಕಿಲೋದಲ್ಲಿ ಮುಗಿದುಹೋಗುತ್ತದೆ. ಬ್ಯಾಟರಿ ಆಕ್ಸಲ್‌ನಿಂದ 0.8 ಮೀಟರ್ ಹಿಂದಿದ್ದರೆ, ಕಳೆದುಹೋದ 450 ಕಿಲೋ ಹಿಡಿದಿಡುವ ಬಲದಿಂದ 360 ಕಸಿಯುತ್ತದೆ. ಉಳಿಕೆ 825ರಿಂದ 465ಕ್ಕೆ ಕುಸಿಯಿತು. ನಿಂತ ಗಾಡಿಗೆ ಇದೂ ಸಾಕೆನ್ನಿ. ಆದರೆ ಫೋರ್ಕು ಏರಿಳಿಯುವ ಕಂಬ, ಅಂದರೆ ಮಾಸ್ಟ್, ಮುಂದಕ್ಕೆ ಬಾಗಿದಾಗ, ಹೊರೆಯನ್ನು ಎತ್ತರಕ್ಕೇರಿಸಿಕೊಂಡು ಬ್ರೇಕ್ ಹಾಕಿದಾಗ, ನೆಲ ಇಳಿಜಾರಾಗಿದ್ದಾಗ ಈ ಉಳಿಕೆಯೇ ಖರ್ಚಾಗುವುದು. ಹಾಗಾಗಿಯೇ ಕಂಪನಿಯವರು ಪೆಟ್ಟಿಗೆಗೆ ಕಬ್ಬಿಣ ತುಂಬಿ ತೂಕವನ್ನು ಮೊದಲಿನ ಮಟ್ಟಕ್ಕೆ ತಂದಿರುತ್ತಾರೆ.

ಮಾರಾಟದ ಕರಪತ್ರಗಳು ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟನ್ನು ನಾಳೆಯ ತಂತ್ರಜ್ಞಾನ ಎಂದು ಹೊಗಳುತ್ತವೆ. ಇದನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿ ಮಾಡಿದ್ದು 1859ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯವರು ಆಲ್ಟೂನಾ ನಿಲ್ದಾಣದಲ್ಲಿ ಲಗೇಜು ಗಾಡಿಗಳಿಗೆ ಬ್ಯಾಟರಿ ಕಟ್ಟಿ ಓಡಿಸಿದ್ದು 1906ರಲ್ಲಿ. ಮಿಚಿಗನ್‌ನ ಕ್ಲಾರ್ಕ್ ಕಾರ್ಖಾನೆ 1917ರಲ್ಲಿ ಎಂಜಿನ್ನಿನ ಸರಕುಗಾಡಿ ಹೊರತಂದಿತು. 1923ರಲ್ಲಿ ಯೇಲ್ ಕಂಪನಿ ಫೋರ್ಕನ್ನೂ ಎತ್ತರಕ್ಕೆ ಬೆಳೆಯುವ ಮಾಸ್ಟನ್ನೂ ಒಂದುಗೂಡಿಸಿದಾಗ ಆ ಗಾಡಿ ಓಡಿದ್ದು ಬ್ಯಾಟರಿಯಿಂದಲೇ. ಸೀಸದ ಭಾರ ರಸ್ತೆಯ ಎಲೆಕ್ಟ್ರಿಕ್ ಕಾರನ್ನು ಬಹುಕಾಲ ಕಟ್ಟಿಹಾಕಿತು. ಗೋದಾಮಿನಲ್ಲಿ ಅದೇ ಭಾರ ಆಸರೆಯಾಯಿತು. ಮುಚ್ಚಿದ ಜಾಗದಲ್ಲಿ ಎಂಜಿನ್ನು ಉಗುಳುವ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಅಪಾಯವಾದ್ದರಿಂದ ಒಳಾಂಗಣದ ಕೆಲಸಕ್ಕೆ ಬ್ಯಾಟರಿಗೆ ಸಾಟಿಯೇ ಇರಲಿಲ್ಲ.

ಪುಟ್ಟ ಗಾಡಿಗಳಲ್ಲಿ ಹಲವಕ್ಕೆ ಮುಂದೆ ಎರಡು ಗಾಲಿ, ಹಿಂದೆ ನಡುವಿನಲ್ಲಿ ಒಂದು ಅಥವಾ ಒತ್ತಾಗಿ ಜೋಡಿಸಿದ ಎರಡು. ಸ್ಟಿಯರಿಂಗ್ ಹಿಂದಿನ ಗಾಲಿಗೆ, ಏಕೆಂದರೆ ಹೊರೆ ಎತ್ತಿದಾಗ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಮುಂದಿನ ಒಂದೊಂದು ಗಾಲಿಗೂ ಬೇರೆ ಬೇರೆ ಮೋಟಾರಿದ್ದರೆ, ತಿರುವು ಬಿಗಿಯಾದಾಗ ಒಳಗಿನ ಗಾಲಿ ಹಿಂದಕ್ಕೆ ಉರುಳುತ್ತದೆ, ಹೊರಗಿನದು ಮುಂದಕ್ಕೆ. ಸುಮಾರು ಒಂದೂವರೆ ಮೀಟರ್ ತ್ರಿಜ್ಯದಲ್ಲಿ ಗಾಡಿ ಹೊರಳಿಕೊಳ್ಳುತ್ತದೆ. ನೆಲದ ಬಾಡಿಗೆ ದುಬಾರಿಯಾದ ಕಡೆ ಓಣಿ ಒಂದಡಿ ಕಿರಿದಾದರೂ ಇನ್ನಷ್ಟು ರ್‍ಯಾಕ್ ನಿಲ್ಲಿಸಬಹುದು.

ಹಾಗಾದರೆ ಲಿಥಿಯಂ ಯಾಕೆ ಬೇಕು? ಸಮಯ ಉಳಿಸುವುದಕ್ಕೆ. ಸೀಸದ ಬ್ಯಾಟರಿಗೆ ಎಂಟು ಗಂಟೆ ದುಡಿತ, ಎಂಟು ಗಂಟೆ ಚಾರ್ಜು, ಆಮೇಲೆ ತಣಿಯಲು ಇನ್ನಷ್ಟು ಹೊತ್ತು. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಮುಟ್ಟಿದರೆ ಕಿಡಿ ತಗುಲಿ ಸಿಡಿಯಬಲ್ಲದು. ಅದಕ್ಕೆಂದೇ ಗಾಳಿಯಾಡುವ ಬೇರೆ ಜಾಗ ಬೇಕು. ಲಿಥಿಯಂ ಬ್ಯಾಟರಿಯನ್ನು ಟೀ ವಿರಾಮದಲ್ಲೂ ಊಟದ ಹೊತ್ತಿನಲ್ಲೂ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡುತ್ತ ಎರಡು ಶಿಫ್ಟ್ ಓಡಿಸಬಹುದು.

ಈ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿ. ಅದರ ಗುಣವನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂತು. ಬರೆದವರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು. ಮೊದಲಿನ ಎರಡು ಹೆಸರುಗಳನ್ನು ನಮ್ಮ ಮಕ್ಕಳಿಗೆ ಹೇಳಬೇಕಾದವರು ನಾವು. ಫಾಸ್ಫೇಟಿನಲ್ಲಿ ರಂಜಕ ಆಮ್ಲಜನಕವನ್ನು ಬಲವಾಗಿ ಹಿಡಿದುಕೊಂಡಿರುವುದರಿಂದ ಬಿಸಿಯಾದರೂ ಅದು ಸುಲಭಕ್ಕೆ ಬಿಡುಗಡೆಯಾಗದು, ಬೆಂಕಿಯ ಭಯ ಕಡಿಮೆ. ನಿಕಲ್-ಕೋಬಾಲ್ಟ್ ಬಗೆಗಿಂತ ಇದು ಭಾರ ಎಂಬುದು ಕಾರಿನವರ ದೂರು. ಗೋದಾಮಿನಲ್ಲಿ ಅದು ದೂರೇ ಅಲ್ಲ.

ಒಂದೇ ಶಿಫ್ಟ್ ನಡೆಯುವ ಗೋದಾಮಿಗೆ ಸೀಸದ ಬ್ಯಾಟರಿ ಈಗಲೂ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಕೊಳ್ಳಿ, ಗಾಡಿಗೆ ಬಡಿದಿರುವ ಲೋಹದ ಫಲಕವನ್ನು ಓದಿ. ಎಷ್ಟು ಭಾರ ಎತ್ತಬಹುದು ಎಂಬುದರ ಜೊತೆಗೆ ಬ್ಯಾಟರಿಯ ತೂಕ ಕನಿಷ್ಠ ಎಷ್ಟಿರಬೇಕು ಎಂಬುದೂ ಅದರಲ್ಲಿ ಇರುತ್ತದೆ. ಹಳೆಯ ಗಾಡಿಗೆ ಹೊಸ ಲಿಥಿಯಂ ಬ್ಯಾಟರಿ ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ಬೆಲೆ ಕೇಳುವ ಮುಂಚೆ ಅದರ ತೂಕ ಕೇಳಿ.