ಮಂಗಳೂರಿಂದ ದಿಬ್ರುಗಢ: ದೂರ ಎಷ್ಟು, ಹೊತ್ತು ಎಷ್ಟು?

ಸಂಕ್ರಾಂತಿಗೆ ನಮಗೆ ಸಿಗೋದು ನಾಲ್ಕೇ ದಿನ ರಜೆ. ಹಾಸ್ಟೆಲಲ್ಲಿ ನಮ್ಮ ಜೊತೆಗಿರೋ ಅಸ್ಸಾಮಿನ ಗೆಳೆಯನಿಗೆ ಅದೇ ಹೊತ್ತಿಗೆ ಮಾಘ ಬಿಹು. ಮನೆ ದಿಬ್ರುಗಢ. ಮೊಬೈಲಲ್ಲಿ ಫ್ಲೈಟ್ ಟೈಮ್ ಹುಡುಕಿದ್ರೆ ಮೂರು ಚಿಲ್ಲರೆ ಗಂಟೆ ಅಂತ ಬಂತು. ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟ ಮನೇಲಿ ಅಂದುಕೊಂಡ. ಟಿಕೆಟ್ ನೋಡೋಕೆ ಕೂತಾಗ ಗೊತ್ತಾಯ್ತು, ನೇರ ವಿಮಾನವೇ ಇಲ್ಲ! ಹಾಗಾದ್ರೆ ಆ ಮೂರು ಗಂಟೆ ಎಲ್ಲಿಂದ ಬಂತು?

ಲೆಕ್ಕ ಸುಲಭ. ಮಂಗಳೂರು ವಿಮಾನ ನಿಲ್ದಾಣ 12.96° ಉತ್ತರ, 74.89° ಪೂರ್ವದಲ್ಲಿದೆ. ದಿಬ್ರುಗಢದ ಮೋಹನಬಾರಿ ನಿಲ್ದಾಣ 27.48° ಉತ್ತರ, 95.02° ಪೂರ್ವ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಇಟ್ಟು ಹ್ಯಾವರ್‌ಸೈನ್ ಸೂತ್ರಕ್ಕೆ ಹಾಕಿದ್ರೆ, ಗೋಳದ ಮೇಲಿನ ಅತಿ ಕಡಿಮೆ ದೂರ ಸುಮಾರು 2,640 ಕಿ.ಮೀ. ಅದನ್ನ ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ: 3 ಗಂಟೆ 18 ನಿಮಿಷ. ಆ ದಾರೀಲಿ ವಿಮಾನ ಓಡುತ್ತಾ ಇಲ್ವಾ ಅನ್ನೋದು ಸೂತ್ರಕ್ಕೆ ಬೇಕಿಲ್ಲ.

ಟಿಕೆಟ್‌ನಲ್ಲಿರೋ ಸಮಯ ಬೇರೆ. ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಇನ್ನೊಂದು ಕಡೆ ಹೋಗಿ ನಿಲ್ಲೋವರೆಗೆ ಅದು. ರನ್‌ವೇವರೆಗೆ ಉರುಳೋದು, ಮೇಲೇರೋದು, ಇಳಿಯೋದು, ಇವೆಲ್ಲ ಸೇರಿ ಪ್ರತಿ ಹಾರಾಟಕ್ಕೂ ಅರ್ಧ ಗಂಟೆ ಹೆಚ್ಚಿಗೆ ಹಿಡೀರಿ. ಮಂಗಳೂರು–ಬೆಂಗಳೂರು ಬರೀ 306 ಕಿ.ಮೀ., ಭಾಗಾಕಾರದಲ್ಲಿ 23 ನಿಮಿಷ. ಟಿಕೆಟ್‌ನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಇರುತ್ತೆ.

ಈಗ ಗೆಳೆಯನ ಮುಂದೆ ಎರಡು ದಾರಿ. ಬೆಂಗಳೂರು, ಕೋಲ್ಕತ್ತಾ ಮೂಲಕ ಹೋದ್ರೆ ಒಟ್ಟು 2,705 ಕಿ.ಮೀ. ನೇರ ದೂರಕ್ಕಿಂತ 65 ಕಿ.ಮೀ. ಮಾತ್ರ ಜಾಸ್ತಿ! ದೆಹಲಿ ಮೂಲಕ ಆದ್ರೆ 3,511 ಕಿ.ಮೀ. ಮ್ಯಾಪಲ್ಲಿ ನೋಡಿದ್ರೆ ಮೂಗು ಮುಟ್ಟೋಕೆ ಕೈಯನ್ನ ತಲೆ ಸುತ್ತಿಸಿದ ಹಾಗೆ ಕಾಣುತ್ತೆ. ನಾವೆಲ್ಲ ಕೋಲ್ಕತ್ತಾ ದಾರಿಗೇ ವೋಟು ಹಾಕಿದ್ವಿ.

ಆದರೆ ಲೆಕ್ಕ ಬೇರೆ ಹೇಳಿತು. ಪ್ರತಿ ಸ್ಟಾಪ್‌ನಲ್ಲಿ ಒಂದೂವರೆ ಗಂಟೆ ಕಾಯ್ಬೇಕು ಅಂತಿಟ್ಟುಕೊಳ್ಳಿ. ಕೋಲ್ಕತ್ತಾ ದಾರೀಲಿ ಮೂರು ಹಾರಾಟ, ಎರಡು ಸ್ಟಾಪ್: ಸುಮಾರು 8 ಗಂಟೆ. ದೆಹಲಿ ದಾರೀಲಿ ಎರಡು ಹಾರಾಟ, ಒಂದೇ ಸ್ಟಾಪ್: ಸುಮಾರು 7 ಗಂಟೆ. 800 ಕಿ.ಮೀ. ಸುತ್ತಿದ್ರೂ ಒಂದು ಗಂಟೆ ಉಳಿತಾಯ. ಒಂದು ಸ್ಟಾಪ್ ಅಂದ್ರೆ ಕಾಯೋ ಒಂದೂವರೆ ಗಂಟೆ, ಜೊತೆಗೆ ಇಳಿದು ಏರೋ ಅರ್ಧ ಗಂಟೆ. ಆ ಎರಡು ಗಂಟೇಲಿ ವಿಮಾನ 1,600 ಕಿ.ಮೀ. ಹಾರಿರುತ್ತಿತ್ತು.

ಗಾಳಿಯೂ ಇದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನ ಹಾರೋ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತೆ. ಅದರ ವೇಗ ಗಂಟೆಗೆ 100 ಕಿ.ಮೀ. ಇದ್ರೂ ಸಾಕು, ದೆಹಲಿಯಿಂದ ದಿಬ್ರುಗಢಕ್ಕೆ ಹೋಗೋದಕ್ಕೂ ವಾಪಸ್ ಬರೋದಕ್ಕೂ ಅರ್ಧ ಗಂಟೆಗೂ ಮೀರಿ ವ್ಯತ್ಯಾಸ ಬರುತ್ತೆ. ಊರಿಗೆ ಹೋಗೋವಾಗ ಬೇಗ, ಕಾಲೇಜಿಗೆ ಬರೋವಾಗ ನಿಧಾನ. ಈ ಗಾಳಿ ವಿದ್ಯಾರ್ಥಿಗಳ ಪಕ್ಷ.

ಇನ್ನು ಜನವರಿ ಬೆಳಗಿನ ದೆಹಲಿಯ ಮಂಜು ಯಾವ ಸೂತ್ರಕ್ಕೂ ಸಿಗಲ್ಲ. ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿದ್ರೆ, ಮೊದಲನೇದು ತಡವಾಗಿ ಎರಡನೇದು ತಪ್ಪಿದಾಗ ಮುಂದಿನ ವ್ಯವಸ್ಥೆ ವಿಮಾನ ಕಂಪನಿ ನೋಡುತ್ತೆ. ನೂರಿನ್ನೂರು ಉಳಿಯುತ್ತೆ ಅಂತ ಬೇರೆ ಬೇರೆ ಟಿಕೆಟ್ ತಗೊಂಡ್ರೆ ಎರಡನೇ ಟಿಕೆಟ್‌ನ ಹಣ ಹೋದಂಗೇ. ಬ್ಯಾಗನ್ನೂ ಮಧ್ಯೆ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡ್ಬೇಕು. ಆಗ ಒಂದೂವರೆ ಗಂಟೆ ಸಾಲಲ್ಲ, ಮೂರಾದ್ರೂ ಬೇಕು.

ಗೆಳೆಯ ದೆಹಲಿ ದಾರಿಯಲ್ಲೇ ಒಂದೇ ಬುಕಿಂಗ್ ಮಾಡಿದ, ಅದೂ ಬೆಳಗಿನ ಮೊದಲ ವಿಮಾನ. ರೇಖಾಂಶದಲ್ಲಿ 20 ಡಿಗ್ರಿ ವ್ಯತ್ಯಾಸ ಅಂದ್ರೆ ಸೂರ್ಯನ ಲೆಕ್ಕದಲ್ಲಿ 80 ನಿಮಿಷ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಜನವರಿಯಲ್ಲಿ ಅಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತಂತೆ. ಬೆಳಕಿರುವಾಗಲೇ ಮನೆ ಸೇರ್ಬೇಕು ಅಂತ ಅವನ ಅಮ್ಮನ ಷರತ್ತು.